ದೊಡ್ಡ ಸಂಶೋಧನೆಗೂ ಸಸಿಮಡಿ ಬೇಕು

ಮಡಿಯಲ್ಲಿ ಸಸಿ ಎಬ್ಬಿಸದೆ ಯಾರೂ ತೋಟ ಹಾಕುವುದಿಲ್ಲ. ದೊಡ್ಡ ಸಂಶೋಧನೆಗೂ ಇದೇ ನಿಯಮ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು 2020ರಲ್ಲಿ ಜೀವವಿಜ್ಞಾನದ ಸಂಯುಕ್ತ ಸಂಸ್ಥೆಗಳಿಗೆ ನೆರವು ಕೊಡುವಾಗ ಎರಡು ದಾರಿ ಇಟ್ಟಿತು. ಸಿದ್ಧವಾದ ತಂಡಕ್ಕೆ ಐದು ವರ್ಷಕ್ಕೆ 1.25 ಕೋಟಿ ಡಾಲರುಗಳವರೆಗೆ. ಯೋಚನೆಯ ಹಂತದಲ್ಲಿದ್ದವರಿಗೆ ಎರಡು ವರ್ಷಕ್ಕೆ 2 ಲಕ್ಷ ಡಾಲರುಗಳವರೆಗೆ ಯೋಜನಾ ಅನುದಾನ. ಈ ಹಣದಲ್ಲಿ ಬೇರೆ ಬೇರೆ ಶಾಸ್ತ್ರಗಳವರು ಒಂದೆಡೆ ಕೂತು ಪ್ರಶ್ನೆಯನ್ನು ಖಚಿತಪಡಿಸಿಕೊಂಡು ಕೆಲಸ ಹಂಚಿಕೊಳ್ಳಬೇಕು.

1914ರಲ್ಲಿ ಕೇರಳದಲ್ಲಿ ಕಂಡ ಅಡಿಕೆಯ ಹಳದಿ ಎಲೆ ರೋಗಕ್ಕೆ ಇಂದಿಗೂ ಖಚಿತ ಮದ್ದಿಲ್ಲ. ರೋಗಾಣು, ಕೀಟ, ಮಣ್ಣು, ತಳಿ ಎಲ್ಲವನ್ನೂ ಒಟ್ಟಿಗೆ ನೋಡಬೇಕಾದ ಕೆಲಸವಿದು. ಅಂಥ ಯೋಜನೆ ರೂಪುಗೊಳ್ಳುವಾಗಲೇ ಬೆಳೆಗಾರನೂ ಜೊತೆಗಿರಬೇಕು. ಯಾವ ಮರ ಯಾವ ವರ್ಷ ಹಳದಿಯಾಯಿತು, ಯಾವುದು ತಾಳಿಕೊಂಡಿತು ಎಂಬ ಲೆಕ್ಕವನ್ನು ಇಂದಿನಿಂದಲೇ ಬರೆದಿಡೋಣ.