ಅಲಸಂದೆ ಬೇರಿನ ಕೆಂಪು

ಚೆನ್ನಾಗಿ ಬೆಳೆದ ಅಲಸಂದೆ ಗಿಡವನ್ನು ಬುಡಸಮೇತ ಕಿತ್ತು, ಬೇರಿನ ಒಂದು ಗಂಟನ್ನು ಬ್ಲೇಡಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪು. ನನ್ನ ಬಯೋಟೆಕ್ನಾಲಜಿ ವಿದ್ಯಾರ್ಥಿಗಳನ್ನು ಕಂಪ್ಯೂಟರ್ ಮುಂದೆ ಕೂರಿಸುವ ಮೊದಲು ಇದನ್ನು ಮಾಡಿಸುತ್ತೇನೆ. ಆ ಕೆಂಪು ಲೆಗ್‌ಹಿಮೋಗ್ಲೋಬಿನ್ ಎಂಬ ಪ್ರೋಟೀನಿನದು. ಗಂಟಿನಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಬೇಕು, ಆದರೆ ಅತಿಯಾದರೆ ಸಾರಜನಕ ಹಿಡಿಯುವ ಅವುಗಳ ಕಿಣ್ವವೇ ಕೆಡುತ್ತದೆ. ಹಾಗಾಗಿ ಈ ಪ್ರೋಟೀನ್ ಅಳೆದು ಕೊಡುತ್ತದೆ.

ಇದು ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ನೆಂಟನೇ? ಹೆಸರು, ಬಣ್ಣ ನೋಡಿ ತೀರ್ಮಾನಿಸುವಂತಿಲ್ಲ. ಪ್ರೋಟೀನ್ ಎಂದರೆ 20 ಬಗೆಯ ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. ಒಂದೊಂದಕ್ಕೆ ಒಂದೊಂದು ಅಕ್ಷರ. ಅಲಸಂದೆಯ ಹಾಗೆಯೇ ದ್ವಿದಳವಾದ ಸೋಯಾದ ಲೆಗ್‌ಹಿಮೋಗ್ಲೋಬಿನ್ನಿನ ಸುಮಾರು 145 ಅಕ್ಷರಗಳನ್ನು ಬ್ಲಾಸ್ಟ್‌ಗೆ ಕೊಡುತ್ತೇವೆ. 1990ರಲ್ಲಿ ಬಂದ ಈ ಪ್ರೋಗ್ರಾಂ ಮೂರು ಮೂರು ಅಕ್ಷರದ ತುಣುಕು ಹಿಡಿದು ಗೊತ್ತಿರುವ ಪ್ರೋಟೀನುಗಳ ಡೇಟಾಬೇಸ್ ಜಾಲಾಡುತ್ತದೆ. ಹೊಂದಿದಲ್ಲಿಂದ ಎರಡೂ ಕಡೆಗೆ ಹೋಲಿಕೆಯನ್ನು ಬೆಳೆಸುತ್ತದೆ. ಲ್ಯೂಸೀನ್ ಇದ್ದಲ್ಲಿ ಅದರಂಥದೇ ಐಸೋಲ್ಯೂಸೀನ್ ಬಂದರೂ ಅಂಕ ಸಿಗುತ್ತದೆ, ಆಸ್ಪಾರ್ಟಿಕ್ ಆಮ್ಲ ಬಂದರೆ ಕಳೆಯುತ್ತದೆ.

ಫಲಿತಾಂಶ ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಶೇಕಡಾವಾರು ಹೋಲಿಕೆಯ ಮೇಲೆ. ನಾನು ಇ-ವ್ಯಾಲ್ಯೂ ಓದಿಸುತ್ತೇನೆ: ಇಷ್ಟು ದೊಡ್ಡ ಡೇಟಾಬೇಸಿನಲ್ಲಿ ಇಷ್ಟೇ ಅಂಕದ ಹೋಲಿಕೆ ಬರೀ ಆಕಸ್ಮಿಕವಾಗಿ ಎಷ್ಟು ಬರಬಹುದಿತ್ತು? ಹತ್ತು ಎಂದಿದ್ದರೆ ನಂಬಬೇಡಿ. ಬಿಂದುವಿನ ನಂತರ ಸೊನ್ನೆಗಳ ಸಾಲೇ ಇದ್ದರೆ ನೆಂಟಸ್ತಿಕೆ ಗಟ್ಟಿ.

ಸೋಯಾಗೆ ಮೊದಲು ಸಿಗುವುದು ದ್ವಿದಳ ಬಳಗ, ಇನ್ನೂ ಕೆಳಗೆ ಭತ್ತ. "ಭತ್ತಕ್ಕೂ ಹಿಮೋಗ್ಲೋಬಿನ್ನಾ ಮೇಡಂ?" ಹೌದು, ಬೇರಲ್ಲಿ ಗಂಟಿಲ್ಲದಿದ್ದರೂ! ಮನುಷ್ಯನದು ಮಾತ್ರ ಇಷ್ಟು ಸುಲಭಕ್ಕೆ ಕೈಗೆ ಸಿಗದು. ಹೊಂದುವ ಅಕ್ಷರಗಳು ಐದರಲ್ಲಿ ಒಂದರ ಆಸುಪಾಸು; ಸಂಬಂಧವೇ ಇಲ್ಲದ ಪ್ರೋಟೀನುಗಳಲ್ಲೂ ಅಷ್ಟು ಹೊಂದಿಕೆ ಬರುವುದುಂಟು. ಆಗ 1997ರ ಸೈ-ಬ್ಲಾಸ್ಟ್ ನೆರವಿಗೆ ಬರುತ್ತದೆ. ಅದು ಹತ್ತಿರದವರನ್ನು ಮೊದಲು ಕಲೆಹಾಕಿ, ಅವರೆಲ್ಲರಲ್ಲೂ ಬದಲಾಗದ ಜಾಗಗಳಿಗೆ ಹೆಚ್ಚು ತೂಕ ಕೊಟ್ಟು ಮತ್ತೆ ಹುಡುಕುತ್ತದೆ. ಅಂಥ ಒಂದು ಜಾಗದಲ್ಲಿ ಆಮ್ಲಜನಕ ಅಂಟುವ ಹೀಮ್ ಎಂಬ ಭಾಗದ ಕಬ್ಬಿಣವನ್ನು ಹಿಡಿದಿರುವ ಹಿಸ್ಟಿಡೀನ್ ಎಂಬ ಅಮೈನೋ ಆಮ್ಲ ಇದೆ. ಗಿಡದಲ್ಲೂ ಅದೇ, ನಮ್ಮಲ್ಲೂ ಅದೇ. ನೂರು ಸಾಧಾರಣ ಅಕ್ಷರಗಳಿಗಿಂತ ಆ ಒಂದರ ಸಾಕ್ಷ್ಯವೇ ನನಗೆ ದೊಡ್ಡದು.

ಹಾಗಂತ ನೆಂಟರೆಲ್ಲ ಒಂದೇ ಕಸುಬಿನವರಲ್ಲ. ಭತ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಡಲಾರದಷ್ಟು ಬಿಗಿಯಾಗಿ ಹಿಡಿಯುತ್ತದೆ, ಸಾಗಣೆಗೆ ಅದು ನಾಲಾಯಕ್ಕು. ಹೋಲಿಕೆ ಕಂಡಿತೆಂದು ಒಂದರ ಕೆಲಸವನ್ನು ಇನ್ನೊಂದರ ಹೆಸರಿಗೆ ಬರೆದ ನಮೂದುಗಳು ಡೇಟಾಬೇಸುಗಳಲ್ಲಿ ಬೇಕಾದಷ್ಟಿವೆ. ಹೊಸದಾಗಿ ಹುಡುಕುವವರು ಅವನ್ನೇ ನಂಬಿ ಮತ್ತೆ ನಕಲು ಮಾಡುತ್ತಾರೆ.