ಹೆಂಜೇರಿನಿಂದ ಆಳಿದ ಮೂವತ್ತೆರಡು ಸಾವಿರ

ಮಡಕಶಿರಾ ತಾಲ್ಲೂಕನ್ನು ಶಿರಾ, ಮಧುಗಿರಿ, ಪಾವಗಡಗಳು ಸುತ್ತುವರಿದಿವೆ. ಕರ್ನಾಟಕದ ಒಳಕ್ಕೆ ಚಾಚಿಕೊಂಡ ಈ ಆಂಧ್ರದ ನೆಲದಲ್ಲಿ, ಅಮರಾಪುರದ ಬಳಿ ಹೇಮಾವತಿ ಇದೆ. ಶಾಸನಗಳಲ್ಲಿ ಇದರ ಹೆಸರು ಪೆಂಜೇರು, ಹೆಂಜೇರು. ಸಾವಿರ ವರ್ಷದ ಹಿಂದೆ ನೊಳಂಬವಾಡಿ 32000 ಎಂಬ ದೊಡ್ಡ ಆಡಳಿತ ವಿಭಾಗದ ರಾಜಧಾನಿ ಇದೇ. ಇಂದಿನ ತುಮಕೂರು, ಚಿತ್ರದುರ್ಗ, ಕೋಲಾರ, ಬಳ್ಳಾರಿ, ಅನಂತಪುರ ಸೀಮೆಗಳ ಹಲವು ಭಾಗ ಅದರೊಳಗಿದ್ದವು.

ನೊಳಂಬರು ತಮ್ಮನ್ನು ಪಲ್ಲವರೆಂದೇ ಕರೆದುಕೊಂಡರು. ತ್ರಿನಯನ ಪಲ್ಲವನಿಂದ ಮೊದಲಾಗುವ ಅವರ ವಂಶಾವಳಿಯನ್ನು ಹೇಮಾವತಿಯ ಕಂಬದ ಶಾಸನ ಹೇಳುತ್ತದೆ. ಒಂಬತ್ತನೆಯ ಶತಮಾನದ ಕೊನೆಗೆ ಮಹೇಂದ್ರನ ಆಳ್ವಿಕೆ ಧರ್ಮಪುರಿಯನ್ನೂ ಮುಟ್ಟಿತ್ತು. ಈ ಏಳಿಗೆಯನ್ನು ಗಂಗರು ಸಹಿಸಲಿಲ್ಲ. ಮಹೇಂದ್ರನನ್ನು ಕೊಂದ ಎರೆಯಪ್ಪ ‘ಮಹೇಂದ್ರಾಂತಕ’ನಾದ; ಹತ್ತನೆಯ ಶತಮಾನದಲ್ಲಿ ಮಾರಸಿಂಹ ‘ನೊಳಂಬಕುಲಾಂತಕ’ ಎಂಬ ಬಿರುದನ್ನೇ ಧರಿಸಿದ.

ಆದರೂ ನಾಡಿನ ಹೆಸರು ಅಳಿಯಲಿಲ್ಲ. ಕಲ್ಯಾಣದ ಚಾಲುಕ್ಯರು ನೊಳಂಬವಾಡಿಯನ್ನು ತಮ್ಮ ಪ್ರಾಂತ್ಯವಾಗಿ ಉಳಿಸಿಕೊಂಡರು. ಆರನೆಯ ವಿಕ್ರಮಾದಿತ್ಯನ ತಮ್ಮ ಜಯಸಿಂಹ ಅದನ್ನು ಆಳುತ್ತ ನೊಳಂಬ ಪಲ್ಲವ ಪೆರ್ಮಾನಡಿ ಎಂದು ಕರೆಸಿಕೊಂಡ. ಮುಂದೆ ಉಚ್ಚಂಗಿಯ ಪಾಂಡ್ಯರು ಅದೇ ಹೆಸರಿನಲ್ಲಿ ರಾಜ್ಯಭಾರ ಮಾಡಿದರು. ಹೊಯ್ಸಳ ವಿಷ್ಣುವರ್ಧನ ‘ನೊಳಂಬವಾಡಿಗೊಂಡ’ನಾದ. ಹೀಗೆ ನೊಳಂಬವಾಡಿ ಕಟ್ಟಿದವರ ಕಾಲ ಮುಗಿದ ಮೇಲೂ ನೂರಾರು ವರ್ಷ ಬಾಳಿತು. ತುಮಕೂರು ಸೀಮೆಯ ನೊಣಬರ ಹೆಸರಿನಲ್ಲಿ ಈಗಲೂ ಅದರ ಸದ್ದಿದೆ.

ಹೇಮಾವತಿಯ ದೊಡ್ಡೇಶ್ವರ ಗುಡಿಯ ಮುಂದೆ ನಿಂತರೆ ಈ ಚರಿತ್ರೆ ಕೈಗೆ ತಾಕುತ್ತದೆ. ಕರಿಕಲ್ಲನ್ನು ಕೊರೆದು ಮಾಡಿದ ಜಾಲಂಧ್ರಗಳಲ್ಲಿ ಬಳ್ಳಿ ಸುರುಳಿ ಸುತ್ತಿದೆ, ಸುರುಳಿಯ ನಡುವೆ ದೇವತೆಗಳಿದ್ದಾರೆ. ಗುಡಿಯೊಳಕ್ಕೆ ಬೆಳಕು ಬರಬೇಕಾದದ್ದು ಆ ರಂಧ್ರಗಳ ಮೂಲಕವೇ. ಕಲ್ಲನ್ನು ಇಷ್ಟು ನಯವಾಗಿ ಪಳಗಿಸಿದವರು ನಮ್ಮ ನಾಡಿನಲ್ಲಿ ಬಹಳ ಮಂದಿ ಇರಲಿಲ್ಲ ಎಂದೇ ನನ್ನ ನಂಬಿಕೆ. ಚೋಳರೂ ಇದಕ್ಕೆ ಮನಸೋತಿರಬೇಕು: ನೊಳಂಬರ ಕಂಬಗಳು ಇಂದಿಗೂ ತಂಜಾವೂರಿನ ಹತ್ತಿರದ ತಿರುವೈಯಾರಿನ ದೇವಾಲಯದಲ್ಲಿವೆ. ಇಲ್ಲಿನ ಶಿಲ್ಪಗಳು ಮದ್ರಾಸ್ ವಸ್ತುಸಂಗ್ರಹಾಲಯವನ್ನೂ ಸೇರಿವೆ.

ಆಮೇಲಿನ ಗಡಿಗಳನ್ನು ಬರೆದದ್ದು ದೂರದ ಕಚೇರಿಗಳು. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಕಲೆಕ್ಟರಾಗಿ ಬಂದ. 1882ರಲ್ಲಿ ಬಳ್ಳಾರಿಯಿಂದ ಅನಂತಪುರ ಜಿಲ್ಲೆಯನ್ನು ಬೇರೆ ಮಾಡಿದರು, ಮಡಕಶಿರಾ ಅದರ ಪಾಲಾಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿದಾಗ ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಳ್ಳಾರಿಯ ಬಗ್ಗೆ ಆದಷ್ಟು ಚರ್ಚೆ ಮಡಕಶಿರಾದ ಕನ್ನಡಿಗರ ಬಗ್ಗೆ ಆಗಲಿಲ್ಲ. ಆ ನೋವು ನ್ಯಾಯವಾದದ್ದೇ. 2022ರ ಏಪ್ರಿಲ್‌ನಿಂದ ಇವರ ಜಿಲ್ಲಾಕೇಂದ್ರ ಪುಟ್ಟಪರ್ತಿ.

ಹೇಮಾವತಿಗೆ ನಮ್ಮ ಪಠ್ಯಪುಸ್ತಕದಲ್ಲಿ ಒಂದು ಪುಟವಾದರೂ ಸಿಗಬೇಕು. ತುಮಕೂರು, ಚಿತ್ರದುರ್ಗದ ಎಷ್ಟೋ ಮನೆಗಳಿಗೆ ಇದು ಪಾಠವಲ್ಲ, ಮನೆದೇವರ ಊರು. ಇಲ್ಲಿನ ಸಿದ್ಧೇಶ್ವರ ಲಿಂಗರೂಪದವನಲ್ಲ, ಕುಳಿತಿರುವ ಮೂರ್ತಿ. ಭಕ್ತರಿಗೆ ಅವನು ಹೆಂಜೇರಪ್ಪ. ಶಿವರಾತ್ರಿಗೆ ಅವರು ರಾಜ್ಯದ ಗಡಿ ದಾಟಿ ಬರುತ್ತಾರೆ.