ಹಣ್ಣಾಗದ ಮೊಡವೆ

ಮೊಡವೆ ಹರೆಯದ ಸಂಗಾತಿ ಎಂಬುದು ನಮ್ಮಲ್ಲಿ ರೂಢಿಯಾದ ಮಾತು. ಹದಿನಾರಕ್ಕೆ ಮೂಡಿ, ಇಪ್ಪತ್ತೆರಡಕ್ಕೆ ಮಾಯವಾಗಿ, ಮದುವೆಯ ವೇಳೆಗೆ ಬರಿಯ ನೆನಪಾಗಿ ಉಳಿಯುವ ಈ ತೊಂದರೆಗೆ ವೈದ್ಯನ ಅಗತ್ಯವೇನು ಎಂದು ಕೇಳುವವರಿದ್ದಾರೆ. ಶಾಸ್ತ್ರಕಾರರೂ ಇದನ್ನು ‘ಯೌವನಪಿಡಕಾ’ ಎಂದೇ ಕರೆದರು. ಆದರೆ ಅರಸೀಕೆರೆಯಲ್ಲಿ ಆಯುರ್ವೇದ ವೈದ್ಯನಾಗಿ ಕುಳಿತಿರುವ ನನ್ನೆದುರು ಬಂದು ಕೂರುವವರಲ್ಲಿ ಮೂವತ್ತು, ನಲವತ್ತು ದಾಟಿದವರೂ ಇರುತ್ತಾರೆ. ಶಾಲೆಯ ಉಪಾಧ್ಯಾಯಿನಿ, ಕೊಬ್ಬರಿ ಮಂಡಿಯ ಗುಮಾಸ್ತ, ಬೇಲೂರಿನಲ್ಲಿ ಪ್ರವಾಸಿಗಳಿಗೆ ದೇವಾಲಯ ತೋರಿಸುವ ಗೈಡು. ಇವರು ಕನ್ನಡಿ ನೋಡಿ ಬೇಸರಪಟ್ಟು ಬಂದವರಲ್ಲ. ನೋವು ತಾಳಲಾರದೆ ಬಂದವರು. ದವಡೆಯ ಅಂಚಿನಲ್ಲಿ ಗೋಲಿಯಂತೆ ಗಟ್ಟಿಯಾದ ಗಂಟು ಮಗ್ಗುಲಾಗಿ ಮಲಗಗೊಡದು. ನೆತ್ತಿಯ ಮೇಲಿನ ಗುಳ್ಳೆಗೆ ಬಾಚಣಿಗೆ ತಾಕಿದರೆ ಕಣ್ಣಲ್ಲಿ ನೀರು ಬರುತ್ತದೆ.

ಹೆಸರಿನಲ್ಲಿ ಯೌವನವನ್ನು ಇಟ್ಟರೂ ಹಿಂದಿನವರು ಈ ನೋವನ್ನು ಕಾಣದೆ ಹೋದವರಲ್ಲ. ಸುಶ್ರುತನು ಮೊಡವೆಯನ್ನು ಕ್ಷುದ್ರರೋಗಗಳ ಪಟ್ಟಿಯಲ್ಲಿ ಸೇರಿಸಿ, ಕಫ, ವಾತ, ರಕ್ತಗಳು ಕೆಟ್ಟು ಮುಖದಲ್ಲಿ ಬೂರುಗದ ಮುಳ್ಳಿನಂಥ ಗುಳ್ಳೆಗಳು ಏಳುತ್ತವೆ ಎಂದನು. ಬೂರುಗದ ಮರವನ್ನು ಕಂಡವರಿಗೆ ಈ ಹೋಲಿಕೆಯ ಸೊಗಸು ತಿಳಿಯುತ್ತದೆ: ಬುಡ ಅಗಲ, ತುದಿ ಮೊನಚು, ಬೇರು ತೊಗಟೆಯೊಳಗೆ. ವಾಗ್ಭಟನು ಅದಕ್ಕೆ ಮೂರು ವಿಶೇಷಣಗಳನ್ನು ಕೂಡಿಸಿದನು. ಅವು ನೋವುಳ್ಳವು, ಗಟ್ಟಿಯಾದವು, ಒಳಗೆ ಮೇದಸ್ಸನ್ನು ಎಂದರೆ ಕೊಬ್ಬನ್ನು ತುಂಬಿಕೊಂಡವು. ಕೂದಲಿನ ಬುಡಕ್ಕೆ ಅಂಟಿಕೊಂಡಿರುವ ಜಿಡ್ಡಿನ ಗ್ರಂಥಿಯ ದ್ವಾರ ಕಟ್ಟಿಕೊಂಡು ಒಳಗಿನ ಜಿಡ್ಡು ಶೇಖರವಾಗುತ್ತದೆ ಎಂದು ಸೂಕ್ಷ್ಮದರ್ಶಕವನ್ನು ಹಿಡಿದ ವೈದ್ಯರು ಮುಂದೆ ಹೇಳಿದರು. ಸೂಕ್ಷ್ಮದರ್ಶಕವಿಲ್ಲದೆ ಬೆರಳು, ಕಣ್ಣುಗಳಿಂದಲೇ ಅಷ್ಟನ್ನು ಹಿಡಿದಿಟ್ಟದ್ದು ಸಣ್ಣ ಮಾತಲ್ಲ. ಹಾಗೆಂದು ಹಾರ್ಮೋನುಗಳೂ ಬ್ಯಾಕ್ಟೀರಿಯಾಗಳೂ ವಾಗ್ಭಟನಿಗೆ ಗೊತ್ತಿದ್ದುವೆಂದು ವಾದಿಸುವ ಅಭಿಮಾನ ನನಗಿಲ್ಲ.

ನಮ್ಮ ಸೀಮೆಗೂ ವೈದ್ಯಶಾಸ್ತ್ರಕ್ಕೂ ಹಳೆಯ ನಂಟು. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಅದೇ ಶತಮಾನದಲ್ಲಿ, ಸುಮಾರು 1150ರ ವೇಳೆಗೆ, ಜಗದ್ದಳ ಸೋಮನಾಥನು ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು ಕನ್ನಡಕ್ಕೆ ತಂದನು. ಮದ್ಯ ಮಾಂಸಗಳ ಸೋಂಕಿಲ್ಲದ ಚಿಕಿತ್ಸೆಯನ್ನು ಹೇಳಿದ ಗ್ರಂಥವದು. ಬೇಲೂರಿನ ಸೂರಿನಡಿ ಕನ್ನಡಿ ಹಿಡಿದು ನಿಂತ ದರ್ಪಣಸುಂದರಿಯ ಕೆನ್ನೆಯಲ್ಲಾಗಲಿ, ಹಳೇಬೀಡಿನ ಗೋಡೆಗಳ ಮೇಲಿನ ದೇವಿಯರ ಮುಖದಲ್ಲಾಗಲಿ ಒಂದು ಮೊಡವೆಯೂ ಇಲ್ಲ. ಅದನ್ನು ಕೆತ್ತಿದ ಶಿಲ್ಪಿಯ ಕೆನ್ನೆ ಹೇಗಿತ್ತೋ! ನಿತ್ಯವೂ ನೂರಾರು ಜನಕ್ಕೆ ಆ ನುಣುಪು ಮುಖಗಳನ್ನು ತೋರಿಸುವ ಗೈಡು ತನ್ನ ಗಲ್ಲವನ್ನು ಕರವಸ್ತ್ರದಿಂದ ಮರೆಮಾಡಿಕೊಂಡು ನನ್ನೆದುರು ಕುಳಿತಾಗ ಈ ಯೋಚನೆ ಬಂದದ್ದುಂಟು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಮಾತಿನಲ್ಲಿ ಕುರುವು ‘ಹಣ್ಣಾಗುತ್ತದೆ’. ಮೊದಲು ಕಾಯಿ, ಅನಂತರ ಹಣ್ಣು. ಹಣ್ಣಾದ ಮೇಲೆ ಒಡೆದು ಕೀವು ಹೋಗಿ ಮಾಯುವುದು. ಸುಶ್ರುತನು ಬಾವಿನ ವಿಷಯದಲ್ಲಿ ಹೇಳುವುದೂ ಇದನ್ನೇ: ಆಮ, ಪಚ್ಯಮಾನ, ಪಕ್ವ. ಕಾಯಿಯಾಗಿರುವಾಗ ಬಿಸಿ ಕಡಮೆ, ನೋವು ಮಂದ, ಚರ್ಮದ ಬಣ್ಣ ಅಷ್ಟಾಗಿ ಬದಲಾಗದು. ಹಣ್ಣಾಗುತ್ತಿರುವಾಗ ಸೂಜಿಯಿಂದ ಚುಚ್ಚಿದಂತೆ, ಇರುವೆ ಕಚ್ಚಿದಂತೆ, ಚೇಳು ಕುಟುಕಿದಂತೆ ನೋವು. ಹಣ್ಣಾದ ಮೇಲೆ ನೋವು ಇಳಿದು, ಬಣ್ಣ ಬಿಳುಪೇರಿ, ಬೆರಳಿಂದ ಒತ್ತಿದರೆ ತಗ್ಗಿ ಮತ್ತೆ ಮೇಲೇಳುತ್ತದೆ. ಈ ಅವಸ್ಥೆಗಳನ್ನು ಗುರುತಿಸದೆ ಕಾಯಿಯನ್ನು ಸೀಳುವ ವೈದ್ಯನನ್ನೂ ಹಣ್ಣನ್ನು ಹಾಗೆಯೇ ಬಿಡುವ ವೈದ್ಯನನ್ನೂ ಆತ ಒಂದೇ ಕಟುಮಾತಿನಲ್ಲಿ ಜರಿದಿದ್ದಾನೆ.

ವಯಸ್ಕರ ನೋವಿನ ಮೊಡವೆಯ ತೊಡಕು ಇಲ್ಲಿದೆ. ಅದು ಬಹಳ ಸಲ ಹಣ್ಣಾಗುವುದೇ ಇಲ್ಲ. ಕೂದಲಿನ ಕುಳಿಯ ಗೋಡೆ ಚರ್ಮದ ಆಳದಲ್ಲಿ ಒಡೆದು, ಒಳಗಿನ ಜಿಡ್ಡು ಸುತ್ತಲಿನ ಮಾಂಸಕ್ಕೆ ಸೋರಿ, ಅದನ್ನು ಪರಕೀಯ ವಸ್ತುವೆಂದು ಬಗೆದು ದೇಹ ಅಲ್ಲಿ ಯುದ್ಧ ಹೂಡುತ್ತದೆ. ಹೊರಗೆ ಬಾಯಿಯಿಲ್ಲ, ಬಿಳಿಯ ತಲೆಯಿಲ್ಲ. ಇದನ್ನು ಅರಿಯದ ನಮ್ಮ ಜನ ಅದನ್ನು ಹಣ್ಣು ಮಾಡಲು ಹೊರಡುತ್ತಾರೆ. ಸುಣ್ಣ ಬೆಲ್ಲ ಕಲಸಿ ಮೆತ್ತುತ್ತಾರೆ, ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋಗುತ್ತಾರೆ, ಹಲ್ಲುಜ್ಜುವ ಪೇಸ್ಟನ್ನೂ ಬಿಡುವುದಿಲ್ಲ, ಕೊನೆಗೆ ಎರಡು ಉಗುರುಗಳ ನಡುವೆ ಹಿಂಡುತ್ತಾರೆ. ಹಿಂಡಿದಾಗ ಕೀವು ಹೊರಗೆ ಬರುವುದಕ್ಕೆ ಬದಲು ಇನ್ನೂ ಆಳಕ್ಕೆ ಇಳಿಯುತ್ತದೆ. ಒಂದು ವಾರದ ನೋವು ಒಂದು ತಿಂಗಳದ್ದಾಗುತ್ತದೆ, ಕಲೆ ಜನ್ಮಕ್ಕೆ ಉಳಿಯುತ್ತದೆ. ಉಪಾಧ್ಯಾಯಿನಿಯ ಕೆನ್ನೆಯಲ್ಲಿದ್ದ ಗುಳಿಗಳಲ್ಲಿ ಮೊಡವೆಯ ಪಾಲಿಗಿಂತ ಉಗುರಿನ ಪಾಲೇ ಹೆಚ್ಚಾಗಿತ್ತು.

ಹಾಗಾದರೆ ಆಯುರ್ವೇದ ಮಾಡುವುದೇನು? ಬಾವು ಕಾಯಿಯಾಗಿರುವಾಗಲೇ ಅದನ್ನು ಕರಗಿಸುವುದು, ತಣಿಸುವುದು. ಲೋಧ್ರದ ಚಕ್ಕೆ, ಕೊತ್ತಂಬರಿ ಬೀಜ, ಬಜೆ, ಈ ಮೂರನ್ನು ಅರೆದು ಹಚ್ಚುವ ಲೇಪವನ್ನು ಶಾರ್ಙ್ಗಧರನು ತಾರುಣ್ಯದ ಪಿಡಕೆಗಳಿಗೆ ಹೇಳಿದ್ದಾನೆ, ಇಂದಿಗೂ ಬಳಕೆಯಲ್ಲಿದೆ. ಬಜೆ ಕೆಲವರ ಚರ್ಮಕ್ಕೆ ಉರಿ ತರುವುದರಿಂದ ಮೊದಲು ಮುಂಗೈಯ ಒಳಭಾಗಕ್ಕೆ ಹಚ್ಚಿ ಒಂದು ದಿನ ನೋಡಬೇಕು. ಲೇಪ ಹಚ್ಚುವುದಕ್ಕೂ ಶಾಸ್ತ್ರವಿದೆ. ದೋಷ ಕಳೆಯುವ ಮುಖಲೇಪದ ದಪ್ಪ ಕಾಲು ಅಂಗುಲ. ರಾತ್ರಿ ಹಚ್ಚಬಾರದು. ಒಣಗಿ ಬಿರಿಯುವವರೆಗೆ ಬಿಡಬಾರದು. ಒಣಗಿದ ಲೇಪ ಗುಣ ಮಾಡದೆ ಚರ್ಮವನ್ನು ಕೆಡಿಸುತ್ತದೆ, ಆದ್ದರಿಂದ ನೀರಿನಿಂದ ನೆನೆಸಿ ತೆಗೆಯಬೇಕು. ಇನ್ನು ಲೇಪ ಹಚ್ಚಿಕೊಂಡವನು ಹಗಲು ನಿದ್ದೆ, ಅತಿ ಮಾತು, ಬೆಂಕಿ, ಬಿಸಿಲು, ದುಃಖ, ಕೋಪಗಳನ್ನು ಬಿಡಬೇಕೆನ್ನುತ್ತಾನೆ ವಾಗ್ಭಟ. ದಿನವೆಲ್ಲ ಬಿಸಿಲಿನಲ್ಲಿ ನಿಂತು ಮಾತನಾಡುವುದೇ ಬೇಲೂರಿನ ಗೈಡಿನ ಕಸುಬು. ಆದ್ದರಿಂದ ಅವರಿಗೆ ಲೇಪವನ್ನು ಬಿಟ್ಟು ತಣ್ಣನೆಯ ತ್ರಿಫಲಾ ಕಷಾಯದಿಂದ ಮುಖ ತೊಳೆಯುವುದನ್ನು ಮಾತ್ರ ಹೇಳಿದೆ.

ಹೊರಗಿನದಕ್ಕಿಂತ ಒಳಗಿನದು ದೊಡ್ಡದು. ಮಂಜಿಷ್ಠ, ಬೇವು, ಕಗ್ಗಲಿ, ಸೊಗದೆ ಬೇರು, ಇವು ರಕ್ತವನ್ನು ತಿಳಿಗೊಳಿಸುವ ಮೂಲಿಕೆಗಳೆಂದು ಪರಂಪರೆ ಎಣಿಸಿದೆ. ಸುಶ್ರುತನಂತೂ ಈ ರೋಗಕ್ಕೆ ವಮನವೇ ವಿಶೇಷವೆಂದಿದ್ದಾನೆ. ವಮನ, ವಿರೇಚನ, ಜಿಗಣೆ ಹಚ್ಚಿಸುವುದು, ಇವೆಲ್ಲ ಆಸ್ಪತ್ರೆಯಲ್ಲಿ, ತಿಳಿದವರ ಕಣ್ಣೆದುರು ನಡೆಯಬೇಕಾದ ಕೆಲಸಗಳು. ಗರ್ಭಿಣಿಯರಿಗೆ, ಹೃದ್ರೋಗಿಗಳಿಗೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಸಲ್ಲದವು. ದೊಡ್ಡ ಪ್ರಮಾಣದ ಪರೀಕ್ಷೆಗಳ ಬಲ ಈ ಚಿಕಿತ್ಸೆಗಳಿಗೆ ಇನ್ನೂ ಸಾಲದೆಂಬುದನ್ನು ನಾನು ಮುಚ್ಚಿಡುವುದಿಲ್ಲ. ಆಹಾರದ ವಿಷಯದಲ್ಲಿ ಮಾತ್ರ ಹಳತೂ ಹೊಸತೂ ಹತ್ತಿರ ಬರುತ್ತಿವೆ. ಹುಳಿ, ಉಪ್ಪು, ಕರಿದದ್ದು, ರಾತ್ರಿಯ ಮೊಸರು ಬೇಡವೆಂದು ನಮ್ಮವರು ಹೇಳಿದರು. ರಕ್ತದಲ್ಲಿ ಸಕ್ಕರೆಯನ್ನು ಥಟ್ಟನೆ ಏರಿಸುವ ಆಹಾರವನ್ನು ಹನ್ನೆರಡು ವಾರ ತಗ್ಗಿಸಿದ ಯುವಕರಲ್ಲಿ ಮೊಡವೆ ಇಳಿಯಿತೆಂದು ಆಸ್ಟ್ರೇಲಿಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದರು. ದಿನಕ್ಕೆ ಆರು ಲೋಟ ಸಕ್ಕರೆ ಕಾಫಿ ಕುಡಿಯುವ ಮಂಡಿಯ ಗುಮಾಸ್ತರಿಗೆ ಇವೆರಡನ್ನೂ ಸೇರಿಸಿಯೇ ಹೇಳಿದೆ. ಕಾಫಿ ಎರಡಕ್ಕೆ ಇಳಿದಿದೆ.

ಆ ಗುಮಾಸ್ತರದೇ ನೆತ್ತಿಯ ಗುಳ್ಳೆ. ತಲೆಯ ಮೇಲೆ ಏಳುವ, ಹಲವು ಬಾಯಿಗಳುಳ್ಳ, ಸದಾ ಒಸರುವ ಹುಣ್ಣುಗಳನ್ನು ಸುಶ್ರುತನು ‘ಅರುಂಷಿಕಾ’ ಎಂದು ಬೇರೆಯೇ ಹೆಸರಿಟ್ಟು, ಕಫ, ರಕ್ತ, ಕ್ರಿಮಿಗಳನ್ನು ಕಾರಣವಾಗಿ ಹೇಳಿದ್ದಾನೆ. ಅದು ಮೊಡವೆಗಿಂತಲೂ ಕೂದಲಿನ ಕುಳಿಗಳ ಬಾವಿಗೆ ಹತ್ತಿರ. ಬೇವಿನ ನೀರಿನಿಂದ ತೊಳೆಯಬೇಕೆಂಬ ಆತನ ಮಾತನ್ನು ಯಾರೂ ಸುಲಭವಾಗಿ ಪಾಲಿಸಬಹುದು. ಕಷ್ಟವಿರುವುದು ಎಣ್ಣೆಯಲ್ಲಿ. ಅರಸೀಕೆರೆ ತೆಂಗಿನ ಸೀಮೆ. ಇಲ್ಲಿ ತಲೆಗೆ ಎಣ್ಣೆ ಬೇಡವೆನ್ನುವ ವೈದ್ಯನನ್ನು ಊರು ಅನುಮಾನದಿಂದಲೇ ನೋಡುತ್ತದೆ. “ಎಣ್ಣೆ ಹಚ್ಚುವುದೇ ಅಲ್ಲವೆ ಸ್ವಾಮಿ ಆಯುರ್ವೇದ?” ಎಂದು ಕೇಳಿದರು ಗುಮಾಸ್ತರು. ಅಭ್ಯಂಗವನ್ನು ಅಷ್ಟು ಹೊಗಳಿದ ವಾಗ್ಭಟನೇ ಕಫದಿಂದ ಪೀಡಿತನಾದವನಿಗೂ ಅಜೀರ್ಣವಿರುವವನಿಗೂ ಅಭ್ಯಂಗ ಕೂಡದೆಂದು ಸ್ಪಷ್ಟವಾಗಿ ಬರೆದಿದ್ದಾನೆ. ತಲೆಗೆ ಬಳಿಯುವ ಜಿಡ್ಡಿನಿಂದ ಹಣೆಯಲ್ಲೂ ಕೆನ್ನೆಪಕ್ಕದಲ್ಲೂ ಮೊಡವೆ ಹುಟ್ಟುವುದನ್ನು ಅಮೆರಿಕದ ಚರ್ಮವೈದ್ಯರು 1970ರಲ್ಲಿ ವರ್ಣಿಸಿದರು. ಗುಳ್ಳೆ ಇರುವಷ್ಟು ದಿನ ಎಣ್ಣೆ ನಿಲ್ಲಲಿ. ಸೀಗೆಯನ್ನೂ ಒರಟಾಗಿ ತಿಕ್ಕದಿರಲಿ. ದಿಂಬಿನ ಚೀಲ, ಬಾಚಣಿಗೆ, ಹೆಲ್ಮೆಟ್ಟಿನ ಒಳಬಟ್ಟೆ ಆಗಾಗ ಒಗೆತ ಕಾಣಲಿ.

ಒಂದು ಅಪಾಯವನ್ನು ಒತ್ತಿ ಹೇಳಲೇಬೇಕು. ಔಷಧಿ ಅಂಗಡಿಯಲ್ಲಿ ಬಾಯಿಮಾತಿಗೆ ಸಿಗುವ ಕೆಲವು ಮುಲಾಮುಗಳಲ್ಲಿ ಸ್ಟೆರಾಯಿಡ್ ಇರುತ್ತದೆ. ಹಚ್ಚಿದ ಮೂರನೆಯ ದಿನಕ್ಕೆ ಮುಖ ತಿಳಿಯಾಗಿ ಬೆಳಗುತ್ತದೆ. ತಿಂಗಳುಗಟ್ಟಲೆ ಹಚ್ಚಿ ಬಿಟ್ಟರೆ ಚರ್ಮ ತೆಳುವಾಗಿ, ಕೆಂಪೇರಿ, ಮೊದಲಿಗಿಂತ ಹೆಚ್ಚು ಮೊಡವೆ ಏಳುತ್ತದೆ. ಉಪಾಧ್ಯಾಯಿನಿ ಎರಡು ವರ್ಷ ಅಂಥದನ್ನು ಹಚ್ಚಿದ್ದರು. ‘ಆಯುರ್ವೇದ’ವೆಂದು ಬರೆದು, ಒಳಗೇನಿದೆಯೆಂದು ಬರೆಯದ ಡಬ್ಬಿಗಳನ್ನೂ ನಾನು ಅಷ್ಟೇ ಸಂಶಯದಿಂದ ನೋಡುತ್ತೇನೆ. ನಮ್ಮ ಮೂಲಿಕೆಗಳು ಮೂರು ದಿನದಲ್ಲಿ ಪವಾಡ ಮಾಡುವವಲ್ಲ. ಪಾದರಸ, ಗಂಧಕಗಳಿರುವ ರಸೌಷಧಗಳನ್ನು ವೈದ್ಯರನ್ನು ಕೇಳದೆ ನುಂಗುವುದೂ ತರವಲ್ಲ.

ಯಾವ ಚಿಕಿತ್ಸೆಗೂ ಎರಡು ಮೂರು ತಿಂಗಳ ಕಾಲಾವಕಾಶ ಬೇಕು. ಅಷ್ಟರಲ್ಲಿ ಗಂಟುಗಳು ಇಳಿಯದಿದ್ದರೆ, ಗುಳಿ ಬೀಳುತ್ತಿದ್ದರೆ, ಹೆಂಗಸರಲ್ಲಿ ಮುಟ್ಟು ಏರುಪೇರಾಗಿ ಗಲ್ಲದಲ್ಲಿ ಕೂದಲು ಕಾಣಿಸಿದರೆ, ಲೇಪ ಕಷಾಯಗಳಲ್ಲೇ ಕಾಲ ಕಳೆಯಬಾರದು. ಹಾಸನದಲ್ಲಿ ಆಯುರ್ವೇದ ಕಾಲೇಜಿನ ಆಸ್ಪತ್ರೆಯೂ ಇದೆ, ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ. ಒಂದರ ಬಾಗಿಲು ತಟ್ಟಿದವರು ಇನ್ನೊಂದನ್ನು ತಟ್ಟಬಾರದೆಂಬ ನಿಯಮವಿಲ್ಲ. ಚರ್ಮವೈದ್ಯರು ಕೊಡುವ ಐಸೊಟ್ರೆಟಿನಾಯಿನ್ ಎಂಬ ಗುಳಿಗೆ ಆಳದ ಗಂಟುಗಳ ಮೇಲೆ ಬಲವಾಗಿ ಕೆಲಸ ಮಾಡುತ್ತದೆ, ಆದರೆ ಗರ್ಭಕ್ಕೆ ಘೋರ ಹಾನಿ ಮಾಡುವಂಥದು. ಅದನ್ನು ಕೊಡುವ ಮುನ್ನ ಅವರು ಹೆಂಗಸರಿಗೆ ಹೇಳುವ ಕಟ್ಟುಪಾಡುಗಳನ್ನು ಒಂದೂ ಬಿಡದೆ ಪಾಲಿಸಬೇಕು. ಉಪಾಧ್ಯಾಯಿನಿಯನ್ನು ನಾನು ಕಳಿಸಿದ್ದು ಚರ್ಮವೈದ್ಯರ ಬಳಿಗೇ. ಮೂಗಿನ ಪಕ್ಕದ ಅಥವಾ ಮೇಲ್ದುಟಿಯ ಗುಳ್ಳೆಯೊಂದಿಗೆ ಜ್ವರ ಬಂದು ಕಣ್ಣಿನ ಸುತ್ತ ಬಾವು ಏರಿದರಂತೂ ಮರುದಿನಕ್ಕೆ ಕಾಯದೆ, ಅಂದೇ ದೊಡ್ಡಾಸ್ಪತ್ರೆಗೆ ಹೋಗಬೇಕು.